ಮಾಮಾ ಕಾರು ತಗ್ಗಿಸಿದ ಪ್ರಸಂಗ

ನಮ್ಮ ಮಾಮಾನಿಗೆ ಬುದ್ಧಿ ಇಲ್ಲವೆಂದು ನಾನು ಎಂದೂ ಹೇಳಿದವಳಲ್ಲ. ಬುದ್ಧಿ ಇದೆ, ಬೇಕಾದಷ್ಟಿದೆ. ಆದರೆ ಅದೆಲ್ಲ ಹಡಗಿನ ಅಳತೆಯದು. ಅದನ್ನು ಮನೆಯ ಅಳತೆಗೆ ಕತ್ತರಿಸಿ ಹೊಲಿದುಕೊಡುವ ದರ್ಜಿ ಇನ್ನೂ ಸಿಕ್ಕಿಲ್ಲ, ಅಷ್ಟೇ!

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಹರೆಯದಲ್ಲೇ ಧಾರವಾಡ ಬಿಟ್ಟು ಕೋಲ್ಕತ್ತಾಕ್ಕೆ ಬಂದು, ಗಾರ್ಡನ್ ರೀಚ್‌ನಲ್ಲಿ ಹಡಗು ಕಟ್ಟುವ ಕೆಲಸಕ್ಕೆ ಸೇರಿ, ಈಗ ನಿವೃತ್ತಿಗೆ ಒಂದೇ ವರ್ಷ ಬಾಕಿ ಉಳಿಸಿಕೊಂಡಿರುವ ಫೋರ್‌ಮನ್. ನಾನು ಜಾದವ್‌ಪುರದಲ್ಲಿ ಕಾಲೇಜು ಹುಡುಗರಿಗೆ ಪಾಠ ಹೇಳುವವಳು. ಅದೇ ಬಡಾವಣೆಯ ಒಂದು ಹಳೆಯ ಮನೆಯ ಮೊದಲ ಮಹಡಿಯಲ್ಲಿ ಮಾಮಾ ಬಾಡಿಗೆಗಿದ್ದಾರೆ. ಅಲ್ಲಿನ ಒಂದು ಕೋಣೆಯಲ್ಲಿ ನಾನು ಎಂಟು ವರ್ಷಗಳಿಂದ ಬೀಡುಬಿಟ್ಟಿದ್ದೇನೆ. ಆದ್ದರಿಂದ ಮುಂದೆ ಹೇಳುವುದೆಲ್ಲ ಕಣ್ಣಾರೆ ಕಂಡದ್ದು, ಕೆಲವು ಕಡೆ ಕಣ್ಣು ಮುಚ್ಚಿಕೊಂಡು ನಿಂತಿದ್ದನ್ನು ಬಿಟ್ಟರೆ!

ಅವರ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇದೆಯಂತೆ. ಬೋಲ್ಟ್ ಬಿಗಿಯಾದ ತಕ್ಷಣ ಅದರ ತಲೆಯ ಮೇಲೆ ಹಳದಿ ಬಣ್ಣದ ಒಂದು ಗೆರೆ ಎಳೆಯಬೇಕು. ಗೆರೆ ಬಿತ್ತು ಎಂದರೆ ಕೆಲಸ ಮುಗಿಯಿತು, ಇನ್ನು ದೇವರು ಬಂದರೂ ಅದನ್ನು ಮುಟ್ಟಬಾರದು. ಮಾಮಾ ಈ ಪದ್ಧತಿಯನ್ನು ಮನೆಗೂ ತಂದಿದ್ದಾರೆ. ನಮ್ಮ ಕುಕ್ಕರಿನ ಹಿಡಿಕೆಗೆ ಹಳದಿ ಗೆರೆ. ಫ್ಯಾನಿಗೆ ಹಳದಿ ಗೆರೆ. ದೇವರ ಮನೆಯ ತೂಗುದೀಪದ ಕೊಕ್ಕೆಗೆ ಹಳದಿ ಗೆರೆ. ಒಮ್ಮೆ ನನ್ನ ಕನ್ನಡಕದ ತಿರುಪು ಸಡಿಲಾಗಿದೆ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಆಮೇಲೆ ಒಂದು ಸೆಮಿಸ್ಟರ್ ಪೂರ್ತಿ ಕಿವಿಯ ಪಕ್ಕ ಅರಿಸಿನ ಹಚ್ಚಿಕೊಂಡವಳಂತೆ ಪಾಠ ಮಾಡಿದೆ. ಯಾರಿಗೆ ಹೇಳಲಿ?

ಇಂಥ ಮನುಷ್ಯ ಕಳೆದ ಚಳಿಗಾಲದಲ್ಲಿ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ತಮ್ಮ ಎಲೆಕ್ಟ್ರಿಕ್ ಕಾರಿನ ಸ್ಪ್ರಿಂಗ್ ಬದಲಿಸಿ ಅದನ್ನು ನೆಲದ ಹತ್ತಿರಕ್ಕೆ ಇಳಿಸುತ್ತೇನೆ, ಗಾಲಿಗಳನ್ನು ಹೊರಗೆ ಚಾಚುತ್ತೇನೆ ಎಂದು ಹೊರಟರು. ಅದೂ ಮನೆಯಲ್ಲೇ! ಅದೂ ಈ ಊರಿನಲ್ಲಿ! ಒಂದು ಜೋರು ಮಳೆ ಬಂದರೆ ಸಾಕು, ನಮ್ಮ ಓಣಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಇಲ್ಲಿನ ಜನ ಕಾರನ್ನು ಎತ್ತರಿಸುವ ಉಪಾಯ ಹುಡುಕುತ್ತಾರೆಯೇ ಹೊರತು ತಗ್ಗಿಸುವವರನ್ನು ನಾನಂತೂ ನೋಡಿರಲಿಲ್ಲ.

"ಮಾಮಾ, ಮಳೆಗಾಲದಾಗ ಏನ್ ಮಾಡ್ತೀರಿ?" ಎಂದೆ.

"ಮಳೆಗಾಲದಾಗ ಮತ್ತ ಏರಸೂದು," ಎಂದರು, ಪಂಚೆ ಮೇಲೆತ್ತಿ ಕಟ್ಟುವಷ್ಟು ಸಲೀಸಾಗಿ.

ಇಷ್ಟಕ್ಕೆಲ್ಲ ಕಾರಣ ನಮ್ಮ ಅತ್ತೆ, ಅಂದರೆ ಮಾಮಾನ ಹೆಂಡತಿ. ಹಿಂದಿನ ಬೇಸಿಗೆಯಲ್ಲಿ ಅವರಿಗೆ ಸೊಂಟದ ಕೀಲಿನ ಆಪರೇಶನ್ ಆಯಿತು. ಎರಡು ತಿಂಗಳಿಗೆ ಡಾಕ್ಟರು, "ಕೋಲು ಹಿಡಿದು ಓಡಾಡಿ, ಕಾರಿನಲ್ಲಿ ಹೊರಗೆ ಹೋಗಿ, ಆಟೋ ಮಾತ್ರ ಬೇಡ," ಎಂದರು. ಸರಿ, ಹೊರಟರು. ಈ ಬ್ಯಾಟರಿ ಕಾರಿನ ಹೊಟ್ಟೆಯ ತುಂಬ ಬ್ಯಾಟರಿಯಾದ್ದರಿಂದ ಸೀಟು ಸ್ವಲ್ಪ ಎತ್ತರ. ಅತ್ತೆಯ ಕಾಲು ಏರಲಿಲ್ಲ. ಮನೆ ಮಾಲೀಕರ ಹೆಂಡತಿ ಪಾಪ, ಓಡಿಹೋಗಿ ಪ್ಲಾಸ್ಟಿಕ್ ಸ್ಟೂಲು ತಂದರು. ಅದು ಜಾರಿತು. ಇಬ್ಬರು ಗಂಡಸರು ಎರಡೂ ರಟ್ಟೆ ಹಿಡಿದರು. ಎದುರುಮನೆಯ ಬಾಲ್ಕನಿಯಲ್ಲಿ ನಾಲ್ಕು ಜನ, ಚಹಾದಂಗಡಿಯ ಬೆಂಚಿನ ಮೇಲೆ ಆರು ಜನ, ಎಲ್ಲರೂ ಎದ್ದು ನಿಂತು ನೋಡಿದರು. ಅತ್ತೆ ನಗುತ್ತಲೇ "ಇವತ್ತು ಬ್ಯಾಡ ಬಿಡ್ರಿ" ಎಂದು ಒಳಗೆ ಬಂದವರು ಆಮೇಲೆ ಹೊಸ್ತಿಲು ದಾಟಲಿಲ್ಲ.

ಅದಕ್ಕೆ ಮೊದಲು ಪ್ರತಿ ಶುಕ್ರವಾರ ಅವರು ಲೇಕ್ ಮಾರ್ಕೆಟ್‌ಗೆ ಹೋಗುತ್ತಿದ್ದರು. ಕಾಫಿಪುಡಿ, ಕರಿಬೇವು, ಬಾಳೆ ಎಲೆ ಎಲ್ಲ ಒಂದು ನೆವ. ಅಲ್ಲಿ ಇನ್ನೂ ಮೂವರು ಕನ್ನಡದ ಹೆಂಗಸರು ಸೇರುತ್ತಿದ್ದರು. ಅಂಗಡಿಯ ಮುಂದೆ ನಿಂತು ಒಂದು ತಾಸು ಬಾಯಿ ತುಂಬ ಕನ್ನಡ ಮಾತಾಡಿ, ಇಡೀ ವಾರಕ್ಕೆ ಸಾಕಾಗುವಷ್ಟು ನಕ್ಕು ಬರುತ್ತಿದ್ದರು. ಈಗ ಅವರಲ್ಲಿ ಒಬ್ಬಾಕೆಯ ಗಂಡ ರೈಲ್ವೆಯಿಂದ ನಿವೃತ್ತರಾಗಿ, ಇಬ್ಬರೂ ಕಾಯಂ ಆಗಿ ಊರಿಗೆ ಹೊರಟಿದ್ದರು. ಬರುವ ಶುಕ್ರವಾರವೇ ಕಡೆಯ ಭೇಟಿ. ಅತ್ತೆ, "ಫೋನಿನ್ಯಾಗ ಮಾತಾಡಿದ್ರಾತು," ಎಂದು ಅಡುಗೆಮನೆಗೆ ಹೋದರು. ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತರು. ಪಾತ್ರೆಯ ಸದ್ದೇನೂ ಬರಲಿಲ್ಲ.

ಹಾಗಾದರೆ "ನಿನ್ನ ಸಲುವಾಗಿ ಕಾರು ತಗ್ಗಿಸುತ್ತೇನೆ" ಎಂದು ಹೇಳಿದರಾಯಿತಲ್ಲ? ಅಲ್ಲೇ ಇರುವುದು ಗೋಳು! ಆಪರೇಶನ್ ಆದ ಹೊಸತರಲ್ಲಿ ಮಾಮಾ ಬಚ್ಚಲಿನಲ್ಲಿ ಸ್ಟೀಲಿನ ಹಿಡಿಕೆ ಕೂರಿಸಿದ್ದರು, ಆನೆ ಜೋತುಬಿದ್ದರೂ ಕಿತ್ತು ಬರದಂಥದ್ದು. "ಇದು ನಿನಗ" ಎಂದು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಅತ್ತೆ ಅದರ ಮೇಲೆ ಟವೆಲ್ ಒಣಹಾಕಿದರು. ಇವತ್ತಿಗೂ ಅದನ್ನು ಕೈಯಿಂದ ಹಿಡಿದಿಲ್ಲ.

"ನಿನಗಂತ ಮಾಡೀನಿ ಅಂದ್ರ ಆಕಿ ಗಾಡಿ ಬಾಗಲಾನ ಮುಟ್ಟಂಗಿಲ್ಲ," ಎಂದು ಮಾಮಾ ನನ್ನ ಕೋಣೆಗೆ ಬಂದು ಪಿಸುಗುಟ್ಟಿದರು. "ಅದಕ್ಕ ನನ್ನ ಸ್ಟೈಲಿಗಂತ ಮಾಡ್ತೀನಿ. ನನಗ ಹುಚ್ಚು ಹಿಡದದ ಅಂತ ತಿಳ್ಕೊಳ್ಳಲಿ."

"ಅದು ಆಕಿಗೇನು ಹೊಸ ಸುದ್ದಿ ಅಲ್ಲ ಬಿಡ್ರಿ, ಮಾಮಾ."

"ಯಾರಿಗೂ ಹೇಳಬ್ಯಾಡ. ನೀ ಟಾರ್ಚ್ ಹಿಡಿಯಾಕಿ. ಭಾನುವಾರ ರಜಾ ಅದನೋ ಇಲ್ಲೋ?"

ರಜೆ ಇತ್ತು, ಏನು ಮಾಡಲಿ? ನಾನು ಪಿತೂರಿಯಲ್ಲಿ ಸೇರಿಹೋದೆ.

ಮೊದಲು ಅಳತೆ. ಅತ್ತೆ ಯಾರ ಸಹಾಯವೂ ಇಲ್ಲದೆ ಕೂತು ಏಳುವುದು ನಡುಮನೆಯ ದಿವಾನದ ಮೇಲೆ ಮಾತ್ರ. ಅತ್ತೆ ಸ್ನಾನಕ್ಕೆ ಹೋದಾಗ ಮಾಮಾ ಸ್ಟೀಲ್ ಟೇಪು ಹಿಡಿದು ದಿವಾನದ ಎತ್ತರ ಅಳೆದರು. ಕೆಳಗೆ ಓಡಿ ಕಾರಿನ ಸೀಟು ಅಳೆದರು. ಮತ್ತೆ ಮೇಲೆ ಬಂದು, ದಿವಾನದ ಹಾಸಿಗೆ ಅತ್ತೆ ಕೂತಾಗ ಎಷ್ಟು ತಗ್ಗುತ್ತದೆ ಎಂದು ತಿಳಿಯಲು ನನ್ನನ್ನು ಕೂರಿಸಿ ಅಳೆದರು. ನಾನು ಅತ್ತೆಗಿಂತ ದಪ್ಪ ಇದ್ದೇನೆಂದು ಅದರಲ್ಲಿ ಸ್ವಲ್ಪ ಕಳೆದರು! ಕೊನೆಗೆ ತೀರ್ಪು ಬಂತು: ಮೂವತ್ತೆಂಟು ಮಿಲಿಮೀಟರ್. ಅಷ್ಟು ಇಳಿದರೆ ಕಾರಿನ ಸೀಟೂ ದಿವಾನವೂ ಒಂದೇ.

"ಸರಿ, ಸ್ಪ್ರಿಂಗ್ ತಿಳೀತು. ಆದ್ರ ಈ ಬಿಲ್ಲೆ ಯಾಕ?" ಎಂದೆ. ಅವರ ಕೈಯಲ್ಲಿ ನಾಲ್ಕು ದಪ್ಪ ಅಲ್ಯೂಮಿನಿಯಂ ಬಿಲ್ಲೆಗಳಿದ್ದವು. ಸ್ಪೇಸರ್ ಎನ್ನುತ್ತಾರೆ. ಗಾಲಿ ಕೂರುವ ಜಾಗಕ್ಕೂ ಗಾಲಿಗೂ ನಡುವೆ ಇದನ್ನಿಟ್ಟರೆ ಗಾಲಿ ಬೆರಳಿನಷ್ಟು ಹೊರಗೆ ಬರುತ್ತದೆ. ಸೀಟಿನ ಎತ್ತರಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

"ಬರೇ ತಗ್ಗಿಸಿದ್ರ ಆಕಿಗೆ ಸಂಶಯ ಬರ್ತದ," ಎಂದರು ಮಾಮಾ. "ಗಾಲಿನೂ ಹೊರಗ ಬಂದ್ರ ಹುಚ್ಚು ಅಂತ ಖಾತ್ರಿ ಆಗ್ತದ."

ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗ ಮಾಮಾ ಘೋಷಣೆ ಮಾಡಿದರು: "ಗಾಡಿ ತಗ್ಗಸ್ತೀನಿ. ಗಾಲಿ ಹೊರಗ ತಗೀತೀನಿ. ಸ್ಟೈಲ್!"

ಅತ್ತೆ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಕೂದಲಕ್ಕೂ ಬಣ್ಣಾ ಹಚ್ಕೊಂಡುಬಿಡ್ರಿ, ಎಲ್ಲಾ ಒಮ್ಮೆಲೇ ಆಗಿಹೋಗ್ಲಿ," ಎಂದು ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದರು.

ಮನೆಯ ಕೆಳಗೆ ಗ್ಯಾರೇಜಿದೆ. ಮಾಲೀಕರ ತಂದೆಯ ಕಾಲದ್ದು, ನೆಲದಲ್ಲಿ ಎದೆಯುದ್ದದ ಕಿರಿದಾದ ಗುಂಡಿ ಇದೆ. ಕಾರನ್ನು ಅದರ ಮೇಲೆ ನಿಲ್ಲಿಸಿ, ಗುಂಡಿಗೆ ಇಳಿದು ಅಡಿಯಿಂದ ಕೆಲಸ ಮಾಡಬಹುದು. ಮಾಮಾ ಕಾರು ನಿಲ್ಲಿಸಿ, ಕರೆಂಟಿನ ಸಂಪರ್ಕ ತಪ್ಪಿಸಿ, ಸ್ಟೇರಿಂಗಿಗೆ "ಕೆಲಸ ನಡೆದಿದೆ, ಮುಟ್ಟಬಾರದು" ಎಂಬ ಕೆಂಪು ಹಲಗೆ ತೂಗುಹಾಕಿದರು. ಹಲಗೆ ಕನ್ನಡದಲ್ಲಿತ್ತು! ಆ ಓಣಿಯಲ್ಲಿ ಕನ್ನಡ ಓದುವವರು ಮೂರೇ ಜನ. ಅವರಲ್ಲಿ ಇಬ್ಬರು ಅಲ್ಲೇ ನಿಂತಿದ್ದೆವು.

ಜ್ಯಾಕ್ ಇಡುವುದೇ ಮೊದಲ ಗಂಡಾಂತರ. ಕಾರಿನ ಅಂಚಿನಲ್ಲಿ ನಾಲ್ಕೇ ನಾಲ್ಕು ಗಟ್ಟಿ ಜಾಗಗಳಿವೆ. ಜ್ಯಾಕ್ ಅಲ್ಲೇ ಕೂರಬೇಕು. ನಾಲ್ಕು ಬೆರಳು ಒಳಗೆ ಸರಿದರೆ ಬ್ಯಾಟರಿಯ ತಳ ನಜ್ಜುಗುಜ್ಜು. ಬ್ಯಾಟರಿ ಹೋದರೆ ಕಾರು ಹೋಯಿತು, ಕಾರು ಹೋದರೆ ಶುಕ್ರವಾರ ಹೋಯಿತು. ಗುಂಡಿಯಲ್ಲಿ ನಿಂತು ಟಾರ್ಚ್ ಬೆಳಕು ಬಿಡುತ್ತಿದ್ದ ನನಗೆ ಮಾಮಾ ಮೇಲಿನಿಂದ ಕೇಳುತ್ತಾರೆ, "ಸರಿ ಕೂತದೇನು?" ನನಗೆ ಕಂಡದ್ದು ಕತ್ತಲು, ಜೇಡರ ಬಲೆ, ಕಿತ್ತಳೆ ಬಣ್ಣದ ದಪ್ಪ ಕೇಬಲ್ಲು. "ಕೂತದ" ಎಂದೆ. "ನೋಡಿ ಹೇಳು!" ಎಂದರು. ನೋಡಿದೆ. ಕೂತಿರಲಿಲ್ಲ! ಎರಡು ಬೆರಳು ಒಳಗಿತ್ತು. ಆಮೇಲೆ ನಾನು ನೋಡದೆ ಒಂದು ಅಕ್ಷರವನ್ನೂ ಹೇಳಲಿಲ್ಲ.

ಸ್ಪ್ರಿಂಗಿನ ಕಥೆ ಇನ್ನೂ ಭಯಂಕರ. ಹಳೆಯ ಸ್ಪ್ರಿಂಗನ್ನು ಎರಡು ಕಡೆ ಕೊಕ್ಕೆ ಹಾಕಿ, ತಿರುಪು ತಿರುಗಿಸುತ್ತ ಅದುಮಿ, ಸಣ್ಣದಾದ ಮೇಲೆ ಬಿಚ್ಚಬೇಕು. ಅದುಮಿದ ಸ್ಪ್ರಿಂಗು ಕೊಕ್ಕೆ ತಪ್ಪಿಸಿಕೊಂಡರೆ ಗೋಡೆ ಒಡೆದುಕೊಂಡು ಹೋಗುತ್ತದೆ ಎಂದು ಮಾಮಾನೇ ವಿವರಿಸಿದರು, ಬಹಳ ಸಮಾಧಾನದಿಂದ. ವಿವರಿಸಿ, ತಾವು ವೆಲ್ಡಿಂಗ್ ಶಿರಸ್ತ್ರಾಣ ಹಾಕಿಕೊಂಡರು. ನನಗೆ? ಅಡುಗೆಮನೆಯ ದೊಡ್ಡ ಪರಾತ ಕೊಟ್ಟು, "ಎದಿಗೆ ಹಿಡ್ಕೋ" ಎಂದರು! ಸ್ಪ್ರಿಂಗನ್ನು ಸರಪಳಿಯಿಂದ ಕಿಟಕಿಯ ಸರಳಿಗೆ ಕಟ್ಟಿ ತಿರುಗಿಸತೊಡಗಿದರು. ಕಿರ್ರ್... ಕಿರ್ರ್... ಒಮ್ಮೆಲೇ 'ಟಕ್' ಎಂದಿತು. ಒಂದು ಕೊಕ್ಕೆ ಅರ್ಧ ಇಂಚು ಜಾರಿತ್ತು.

ಮಾಮಾ ಹಾಗೇ ನಿಂತರು. ನಾನೂ ನಿಂತೆ. ಬಾಗಿಲಲ್ಲಿ ಇಣುಕುತ್ತಿದ್ದ ಮನೆ ಮಾಲೀಕರೂ, ನಿವೃತ್ತ ಶಾಲಾ ಮೇಷ್ಟ್ರು ಅವರು, ಒಂದು ಕಾಲು ಎತ್ತಿದವರು ಇಳಿಸಲಿಲ್ಲ. ಅದೇ ಹೊತ್ತಿಗೆ ಮೇಲಿನಿಂದ ಅತ್ತೆಯ ದನಿ:

"ರೀ, ಚಹಾ ಮಾಡ್ಲೇನು?"

ಮಾಮಾ ಉಸಿರು ಬಿಡದೆ, "ಈಗ ಬ್ಯಾಡ," ಎಂದರು. ದನಿ ದಾರದಷ್ಟು ಸಣ್ಣಗಿತ್ತು.

"ಏನು? ಶುಂಠಿ ಹಾಕ್ಲೋ ಬ್ಯಾಡೋ?"

"...ಹಾಕು."

ಒಂದು ಕಡೆ ಕಾಲು ಸುತ್ತು, ಇನ್ನೊಂದು ಕಡೆ ಕಾಲು ಸುತ್ತು, ಹೀಗೆ ಸ್ಪ್ರಿಂಗನ್ನು ಸಡಿಲ ಮಾಡಿ, ಕೊಕ್ಕೆ ಸರಿಪಡಿಸಿ, ಮತ್ತೆ ಅದುಮುವಷ್ಟರಲ್ಲಿ, ಮಾಲೀಕರ ಹೆಂಡತಿ ಮೇಲಿನಿಂದ ತಂದಿಟ್ಟ ಚಹಾ ಆರಿ ಕೆನೆಗಟ್ಟಿತ್ತು. ಮಾಲೀಕರು "ಓ ಬಾಬಾ!" ಎಂದು ಒಂದೇ ಮಾತು ಹೇಳಿ ಮೂರು ಲೋಟವನ್ನೂ ತಾವೇ ಕುಡಿದರು.

ಹಿಂಬದಿಯ ಸ್ಪ್ರಿಂಗ್‌ಗಳು ಸುಲಭವಾಗಿ ಬಂದವು, ನಾಲ್ಕೂ ಕಡೆ ಹೊಸ ಗಿಡ್ಡ ಸ್ಪ್ರಿಂಗ್ ಕೂತವು. ಆಮೇಲೆ ಬಿಲ್ಲೆ. ಬಿಲ್ಲೆಯ ದಪ್ಪಕ್ಕೆ ತಕ್ಕಂತೆ ಉದ್ದನೆಯ ಬೋಲ್ಟ್ ಬೇಕು, ಅದು ಕನಿಷ್ಠ ಒಂಬತ್ತು ಸುತ್ತು ಒಳಗೆ ಹಿಡಿಯಲೇಬೇಕು, ಇಲ್ಲದಿದ್ದರೆ ಓಡುವ ಕಾರಿನಿಂದ ಗಾಲಿ ಕಳಚಿ ಮುಂದೆ ಹೋಗುತ್ತದೆ ಎಂದರು. ಅವರು ತಿರುಗಿಸುವುದು, ನಾನು ಎಣಿಸುವುದು. ಗಾಲಿಗೆ ಐದು ಬೋಲ್ಟ್, ನಾಲ್ಕು ಗಾಲಿ. ಹದಿಮೂರನೆಯ ಬೋಲ್ಟಿಗೆ ನನಗೆ ಆರೋ ಏಳೋ ಮರೆತುಹೋಯಿತು. "ಅಂದಾಜು ಏಳು" ಎಂದೆ. ಮಾಮಾ ಶಿರಸ್ತ್ರಾಣ ಎತ್ತಿ ನನ್ನನ್ನು ನೋಡಿ, ಆ ಗಾಲಿಯ ಎಲ್ಲ ಬೋಲ್ಟನ್ನೂ ಬಿಚ್ಚಿ ಮೊದಲಿನಿಂದ ಶುರು ಮಾಡಿದರು. ಪಿಎಚ್‌.ಡಿ. ಮಾಡಿದವಳಿಗೆ ಒಂಬತ್ತರವರೆಗೆ ಎಣಿಸಲು ಬರಲಿಲ್ಲ! ಎಲ್ಲ ಬಿಗಿಯಾದ ಮೇಲೆ ಎಲ್ಲಕ್ಕೂ ಹಳದಿ ಗೆರೆ ಬಿತ್ತು.

ಮಧ್ಯಾಹ್ನ ಜ್ಯಾಕ್ ಇಳಿಸಿದೆವು. ಕಾರು ನೆಲ ಮುಟ್ಟಿತು. ಹಿಂಭಾಗ ಮೆಲ್ಲಗೆ ಕುಸಿದು ಕೂತಿತು. ಮುಂಭಾಗ ಮಾತ್ರ ಇಳಿಯಲಿಲ್ಲ. ಮೂತಿ ಮೇಲೆ ಮಾಡಿ ನಿಂತುಬಿಟ್ಟಿತು! ಮಾಮಾ ಬಾನೆಟ್ಟಿನ ಮೇಲೆ ಕೈಯಿಟ್ಟು ಒತ್ತಿದರು. ನಾನು ಒತ್ತಿದೆ. ಮಾಲೀಕರೂ ದೂರದಿಂದಲೇ ಎರಡು ಬೆರಳಿನಿಂದ ಒತ್ತಿದರು. ಇಲ್ಲ.

ಮಾಮಾ ಟೇಪು ಹಿಡಿದರು. ಮುಂದಿನ ಸೀಟು ಇಳಿದದ್ದು ಹನ್ನೊಂದೇ ಮಿಲಿಮೀಟರ್. ಅವರು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತರು. ಅವರ ಮುಖ ನೋಡಿ ನನಗೆ ನಗೆ ಬರಲಿಲ್ಲ. ಬೆಳಗಿನಿಂದ ಮಾಡಿದ ಸ್ಟೈಲೆಲ್ಲ ಇಳಿದುಹೋಗಿ, ಹೆಂಡತಿಯನ್ನು ಒಂದು ಸಲ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಲಾರದ ಒಬ್ಬ ವಯಸ್ಸಾದ ಮನುಷ್ಯ ಅಲ್ಲಿ ಕೂತಿದ್ದರು. ನನಗೆ ನಿಜವಾಗಿ ಸಂಕಟವಾಯಿತು.

ಇದ್ದಕ್ಕಿದ್ದಂತೆ ಹಣೆ ಬಡಿದುಕೊಂಡರು. "ಗಾಳ್ಯಾಗ ಬಿಗಿ ಮಾಡೀನಿ!"

ಆದದ್ದು ಇಷ್ಟು. ಮುಂದಿನ ಗಾಲಿಗಳನ್ನು ಹಿಡಿದಿರುವ ತೋಳುಗಳ ಬುಡದಲ್ಲಿ ರಬ್ಬರಿನ ದಪ್ಪ ಬಳೆ, ಅಂದರೆ ಬುಶ್, ಇರುತ್ತದೆ. ಅದರ ಬೋಲ್ಟನ್ನು ಕಾರು ತನ್ನ ಭಾರದಲ್ಲಿ ನೆಲದ ಮೇಲೆ ನಿಂತಾಗ ಬಿಗಿ ಮಾಡಬೇಕು. ಮಾಮಾ ಗಾಲಿ ಗಾಳಿಯಲ್ಲಿ ಜೋತಾಡುವಾಗಲೇ ಬಿಗಿ ಮಾಡಿ ಗೆರೆ ಎಳೆದುಬಿಟ್ಟಿದ್ದರು. ಬುಶ್ ಅದೇ ಭಂಗಿಯಲ್ಲಿ ಸೆಟೆದುಕೊಂಡು ಕಾರಿನ ಮೂತಿಯನ್ನು ಇಳಿಯಗೊಡದೆ ಎತ್ತಿಹಿಡಿದಿತ್ತು. ಹಡಗು ಕಟ್ಟುವವರಿಗೆ ಇದೆಲ್ಲ ಹೇಗೆ ಹೊಳೆಯಬೇಕು? ಅಲ್ಲಿ ಹಡಗು ದಿಮ್ಮಿಗಳ ಮೇಲೆ ಭದ್ರವಾಗಿ ಕೂತಿರುತ್ತದೆ, ಬಿಗಿ ಮಾಡು, ಗೆರೆ ಎಳೆ, ಮುಂದೆ ನಡೆ! ಒಮ್ಮೆ ಬಣ್ಣ ಬಿದ್ದ ಬೋಲ್ಟನ್ನು ಅವರು ಇಷ್ಟು ವರ್ಷದಲ್ಲಿ ಬಿಚ್ಚಿದವರಲ್ಲ. ಗುಂಡಿಗೆ ಇಳಿದು, ಚಾಕು ತೆಗೆದು, "ಆ ಕಡೆ ನೋಡು," ಎಂದರು ನನಗೆ. ನಾನು ಆ ಕಡೆ ತಿರುಗಿದೆ. ಅವರು ಹಳದಿ ಗೆರೆಗಳನ್ನು ಒಂದೊಂದಾಗಿ ಕೆರೆದು ಹಾಕುವ ಸದ್ದು ಕೇಳಿಸಿತು.

ಬೋಲ್ಟ್ ಸಡಿಲಾದಾಗ ಕಾರು ಒಮ್ಮೆ ನರಳಿ ಮೂತಿ ಇಳಿಸಿತು. ಈಗ ಮುಂದಿನ ಸೀಟಿನಲ್ಲಿ ಒಬ್ಬರ ಭಾರ ಇಟ್ಟುಕೊಂಡು ಮತ್ತೆ ಬಿಗಿ ಮಾಡಬೇಕು. ಮಾಲೀಕರನ್ನು ಬೇಡಿಕೊಂಡು ಕೂರಿಸಿದೆವು. ಅವರು ಕೂತದ್ದೇ ಅಡಿಯಿಂದ ಏನೋ 'ಕಿರ್' ಎಂದಿತು. ಬ್ಯಾಟರಿಯೇ ಸಿಡಿಯಿತೆಂದು ತಿಳಿದು, "ಆಮಿ ನೇಯಿ! ನಾನಿಲ್ಲಪ್ಪ!" ಎಂದು ಜಿಗಿದು ಓಡಿ, ಅಂಗಳದ ನಿಂಬೆಗಿಡದ ಹಿಂದೆ ನಿಂತುಕೊಂಡರು. ನಾನು ಕೂರೋಣವೆಂದರೆ ಟಾರ್ಚ್ ಹಿಡಿಯುವವರು ಯಾರು?

"ಯಾರರೆ ಒಬ್ಬರು ಕೂಡ್ರಿ!" ಎಂದು ಮಾಮಾ ಗುಂಡಿಯಿಂದ ಕೂಗಿದರು. "ಭಾರ ಬೇಕು!"

ಸ್ವಲ್ಪ ಹೊತ್ತಿಗೆ ಮೆಟ್ಟಿಲಿನ ಮೇಲೆ ಕೋಲಿನ ಸದ್ದು ಕೇಳಿಸಿತು. ಟಕ್. ಆಮೇಲೆ ಒಂದು ಹೆಜ್ಜೆ. ಟಕ್. ಇನ್ನೊಂದು ಹೆಜ್ಜೆ. ಮಾಮಾ ನನ್ನ ಮುಂಗೈ ಹಿಡಿದುಕೊಂಡರು. ನಾವಿಬ್ಬರೂ ಗುಂಡಿಯೊಳಗೆ, ತಲೆಯ ಮೇಲೆ ಕಾರು. ನಮಗೆ ಕಾಣುತ್ತಿದ್ದದ್ದು ನೆಲದ ಮಟ್ಟದ ಒಂದು ಸೀಳು ಬೆಳಕು ಮಾತ್ರ. ಅದರಲ್ಲಿ ಮೊದಲು ಕೋಲಿನ ತುದಿ ಬಂತು, ಆಮೇಲೆ ನೀಲಿ ಸೀರೆಯ ಅಂಚು, ಆಮೇಲೆ ಎರಡು ಪಾದ.

"ಬೌದಿ, ದಾಂಡಾನ್! ನಿಲ್ಲಿ ಅತ್ತಿಗೆ, ಹಿಡಿಯುತ್ತೇನೆ!" ಎಂದು ಮಾಲೀಕರು ಗಿಡದ ಹಿಂದಿನಿಂದ ಕೂಗಿದರು.

"ನಹೀ ದಾದಾ, ಆಪ್ ಉಧರ್ ಹೀ ರಹಿಯೇ," ಎಂದು ಅತ್ತೆ ಅವರನ್ನು ಗಿಡದ ಹಿಂದೆಯೇ ನಿಲ್ಲಿಸಿದರು. ಕಾರಿನ ಬಾಗಿಲು ತೆರೆಯಿತು. ಪಾದಗಳು ನಿಧಾನವಾಗಿ ತಿರುಗಿ ನಮ್ಮ ಕಡೆಗೆ ಬೆನ್ನಾದವು. ಕೋಲು ಬಾಗಿಲಿಗೆ ಒರಗಿತು. ಮತ್ತೆ ಸುಮ್ಮನೆ ನಿಂತರು. ಎಷ್ಟು ಹೊತ್ತು? ನನಗೆ ಹೇಳಲಾಗದು. ಮಾಮಾನ ಹಿಡಿತಕ್ಕೆ ನನ್ನ ಕೈ ಮರಗಟ್ಟಿತ್ತು. ಆಮೇಲೆ ಪಾದಗಳು ಹಿಂದಕ್ಕೆ ಸರಿದವು, ಹಿಮ್ಮಡಿ ಕಾರಿನ ಅಂಚಿಗೆ ಬಂತು. ನಮ್ಮ ತಲೆಯ ಮೇಲೆ ಸ್ಪ್ರಿಂಗ್ ಮೆತ್ತಗೆ ಕುಗ್ಗಿತು. ಎಡಪಾದ ನೆಲ ಬಿಟ್ಟಿತು. ಆಮೇಲೆ, ಆಪರೇಶನ್ ಆದ ಕಡೆಯ ಬಲಪಾದ ಸ್ವಲ್ಪ ನಡುಗಿ, ಅದೂ ಮೇಲೆದ್ದು ಹೋಯಿತು. ಬೆಳಕಿನ ಸೀಳಿನಲ್ಲಿ ಈಗ ಬರೀ ನೆಲ ಇತ್ತು. ಬಾಗಿಲು ಧಡ್ ಎಂದು ಮುಚ್ಚಿತು.

"ಕೂತೀನಿ ನೋಡ್ರಿ," ಎಂದು ಮೇಲಿನಿಂದ ದನಿ ಬಂತು. "ನಿಮ್ಮ ಸ್ಟೈಲಿಗೆ ನಾ ಭಾರ ಆಗಬೇಕಾತು. ಬಿಗಿ ಮಾಡ್ರಿ ಲಗೂ."

ಮಾಮಾ ಪಾನಾವನ್ನು ಬೋಲ್ಟಿಗೆ ಕೂರಿಸಿದರು. ತಿರುಗಿಸಲಿಲ್ಲ.

"ರೀ, ಕೇಳ್ತದೇನು? ಶುಕ್ರವಾರ ಎಷ್ಟಕ್ಕ ಹೊಂಡೂಣು?"

ಮಾಮಾ ಗ್ರೀಸು ಮೆತ್ತಿದ ಕೈಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡರು. ನಾನು ಟಾರ್ಚನ್ನು ಅವರ ಮುಖದಿಂದ ಬೋಲ್ಟಿನ ಕಡೆಗೆ ತಿರುಗಿಸಿದೆ.

"ಮಾಮಾ, ಬಿಗಿ ಮಾಡ್ರಿ," ಎಂದೆ ಮೆಲ್ಲಗೆ.

"ತಡೀ ವಾ," ಎಂದರು. "ಬಿಗಿ ಮಾಡಿದ್ರ ಆಕಿ ಇಳದುಬಿಡ್ತಾಳ."